ಅಟ್ಟದ ಮೇಲಿನ ಟ್ರಂಕಿನಿಂದ ಆರಂಭಿಸಿ: ಯುದ್ಧಕಾಲದಲ್ಲಿ ಸೇವೆ ಸಲ್ಲಿಸಿದ ಮನೆಯ ಹಿರಿಯರನ್ನು ಗೌರವಿಸುವ ಬಗೆ

ಕಾಸರಗೋಡು ಸೀಮೆಯ ಹಲವು ಮನೆಗಳಲ್ಲಿ ಒಬ್ಬ 'ಮಿಲಿಟ್ರಿ ಅಜ್ಜ' ಅಥವಾ 'ಮಿಲಿಟ್ರಿ ಮಾವ' ಇದ್ದಾರೆ, ಇಲ್ಲವೇ ಇದ್ದರು. ಊರವರು ಅವರನ್ನು ಹಾಗೆಯೇ ಕರೆದರು, ಮನೆಯೂ 'ಮಿಲಿಟ್ರಿಯವರ ಮನೆ' ಎಂದೇ ಗುರುತಾಯಿತು. ಆದರೆ ಅವರು ಸೇನೆಯ ಯಾವ ವಿಭಾಗದಲ್ಲಿದ್ದರು, ಯಾವ ವರ್ಷ ಸೇರಿದರು, ಯುದ್ಧ ನಡೆದಾಗ ಎಲ್ಲಿದ್ದರು, ಅಲ್ಲಿ ಅವರ ಕೆಲಸವೇನಾಗಿತ್ತು ಎಂದು ಕೇಳಿದರೆ ಮೊಮ್ಮಕ್ಕಳಿಗೆ ಮಾತ್ರವಲ್ಲ, ಎಷ್ಟೋ ಮನೆಗಳಲ್ಲಿ ಮಕ್ಕಳಿಗೂ ತಿಳಿದಿರುವುದಿಲ್ಲ.

ನಮ್ಮ ಮನೆಯಲ್ಲೂ ಹೀಗೆಯೇ ಇತ್ತು. 1971ರ ಯುದ್ಧದಲ್ಲಿ ದೊಡ್ಡಪ್ಪ ಢಾಕಾದಲ್ಲಿದ್ದರು, ಪಾಕಿಸ್ತಾನಿ ಸೇನೆ ಶರಣಾದದ್ದನ್ನು ಕಣ್ಣಾರೆ ಕಂಡಿದ್ದರು ಎಂದು ನಾವೆಲ್ಲ ನಂಬಿದ್ದೆವು, ನೆಂಟರಿಗೂ ಹೇಳುತ್ತಿದ್ದೆವು. ಅವರು ತೀರಿಕೊಂಡ ಮೇಲೆ ಅಟ್ಟದಿಂದ ಟ್ರಂಕನ್ನು ಇಳಿಸಿ ನೋಡಿದಾಗ ಸಿಕ್ಕಿದ್ದು 'ಪಶ್ಚಿಮಿ ಸ್ಟಾರ್'. ಅದು ಪಶ್ಚಿಮದ ರಣರಂಗದಲ್ಲಿದ್ದವರಿಗೆ ಕೊಟ್ಟ ಪದಕ. ಪೂರ್ವದಲ್ಲಿದ್ದವರಿಗೆ ಕೊಟ್ಟದ್ದು 'ಪೂರ್ವಿ ಸ್ಟಾರ್'. ಡಿಸೆಂಬರ್ 16ರಂದು ಢಾಕಾದಲ್ಲಿ ಶರಣಾಗತಿ ನಡೆದಾಗ ನಮ್ಮ ದೊಡ್ಡಪ್ಪ ದೇಶದ ಇನ್ನೊಂದು ತುದಿಯಲ್ಲಿದ್ದರು. ಅವರು ಎಂದೂ ಢಾಕಾದ ಮಾತನ್ನೇ ಆಡಿರಲಿಲ್ಲ, ನಾವೇ ಯುದ್ಧವೆಂದರೆ ಢಾಕಾ ಎಂದು ತಿಳಿದು ಅವರನ್ನು ಅಲ್ಲಿ ನಿಲ್ಲಿಸಿದ್ದೆವು. ಒಬ್ಬರು ತಮ್ಮ ಆಯುಷ್ಯದ ಹದಿನೈದಿಪ್ಪತ್ತು ವರ್ಷಗಳನ್ನು ಕಳೆದ ಜಾಗ ಮತ್ತು ಮಾಡಿದ ಕೆಲಸವನ್ನು ಇದ್ದದ್ದು ಇದ್ದ ಹಾಗೆ ತಿಳಿದುಕೊಳ್ಳುವುದೇ ಅವರಿಗೆ ಸಲ್ಲಿಸಬೇಕಾದ ಮೊದಲ ಗೌರವವೆಂದು ನನಗೆ ಆ ದಿನ ಮನದಟ್ಟಾಯಿತು. ಫಲಕ, ಹಾರ, ಸನ್ಮಾನಗಳೆಲ್ಲ ಆಮೇಲಿನವು. ಆದ್ದರಿಂದ ಈ ಮಾರ್ಗದರ್ಶಿಯ ಹೆಚ್ಚಿನ ಭಾಗ ಮಾಹಿತಿಯನ್ನು ಹುಡುಕುವ ಬಗೆಗೇ ಇದೆ.

ಮೊದಲ ಹೆಜ್ಜೆ: ಹಿರಿಯರು ಬದುಕಿದ್ದರೆ ಅವರ ಮಾತು

1971ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರು ಈಗ ಎಪ್ಪತ್ತರ ನಡುವನ್ನು ದಾಟಿದ್ದಾರೆ. 1962 ಮತ್ತು 1965ರವರು ಎಂಬತ್ತರ ಆಚೆಗಿದ್ದಾರೆ. ಕಾಗದ ಇನ್ನೂ ಸ್ವಲ್ಪ ಕಾಲ ಕಾಯುತ್ತದೆ, ನೆನಪು ಕಾಯುವುದಿಲ್ಲ. ಹಾಗಾಗಿ ಟ್ರಂಕಿಗಿಂತಲೂ ಮೊದಲು ಅವರ ಬಳಿ ಕುಳಿತುಕೊಳ್ಳಬೇಕು.

ಅವರ ಒಪ್ಪಿಗೆ ಪಡೆದು ಫೋನಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳಿ. ಒಮ್ಮೆಗೆ ಅರ್ಧ ಗಂಟೆ ಸಾಕು, ಹಲವು ದಿನ ಕುಳಿತರೆ ಒಳ್ಳೆಯದು. ಅವರಿಗೆ ಸಲೀಸಾದ ಭಾಷೆಯಲ್ಲೇ ಮಾತನಾಡಲಿ. ನಮ್ಮ ಕಡೆ ಮನೆಮಾತು ತುಳುವೋ ಹವ್ಯಕವೋ ಕೊಂಕಣಿಯೋ ಮರಾಠಿಯೋ ಮಲಯಾಳವೋ ಆಗಿರುತ್ತದೆ, ಅದಕ್ಕೆ ಸೇನೆಯ ಹಿಂದಿಯೂ ಬೆರೆತಿರುತ್ತದೆ. ಬರೆದುಕೊಳ್ಳುವಾಗ ಮೊದಲು ಅವರ ಮಾತನ್ನೇ ಕನ್ನಡ ಲಿಪಿಯಲ್ಲಿ ಇಳಿಸಿ, ಆಮೇಲೆ ಬೇಕಿದ್ದರೆ ಕನ್ನಡಕ್ಕೆ ತನ್ನಿ. 'ಎಷ್ಟು ಜನರನ್ನು ಕೊಂದಿರಿ' ಎಂಬ ಪ್ರಶ್ನೆಯನ್ನು ಮನೆಯ ಮಕ್ಕಳು ಕುತೂಹಲದಿಂದ ಕೇಳಿಬಿಡುತ್ತಾರೆ. ಅವರಿಗೆ ಮೊದಲೇ ತಿಳಿಹೇಳಿರಿ. ಆ ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡ ಅಜ್ಜನವರನ್ನು ನಾನು ಬಲ್ಲೆ. ಸೇರುವ ದಿನ ಯಾವ ಸ್ಟೇಷನ್ನಿನಲ್ಲಿ ರೈಲು ಹತ್ತಿದಿರಿ, ಜೊತೆಗೆ ಊರಿನವರು ಯಾರಿದ್ದರು, ಮೊದಲ ತಿಂಗಳ ಸಂಬಳವನ್ನು ಏನು ಮಾಡಿದಿರಿ, ಚಳಿಗೆ ಏನು ಹೊದೆಯುತ್ತಿದ್ದಿರಿ, ಮನೆಯ ಕಾಗದ ಎಷ್ಟು ದಿನಕ್ಕೆ ಕೈಸೇರುತ್ತಿತ್ತು, ಯುದ್ಧ ನಿಂತಿತೆಂದು ಹೇಗೆ ಗೊತ್ತಾಯಿತು ಎಂದು ಕೇಳಿದರೆ ಉಳಿದದ್ದು ತಾನಾಗಿ ಬರುತ್ತದೆ. ಅವರು ಹೇಳಲೊಲ್ಲದ ಸಂಗತಿಯನ್ನು ಕೆದಕಬಾರದು. 'ಇದನ್ನು ಬರೆಯಬೇಡ' ಎಂದು ಹೇಳಿದ್ದನ್ನು ಬರೆಯಬಾರದು, ಅವರು ಇಲ್ಲವಾದ ಮೇಲೂ.

ಸೇವೆ ಸಲ್ಲಿಸಿದವರೆಲ್ಲ ಬಂದೂಕು ಹಿಡಿದವರಲ್ಲ. ಲಾರಿ ಓಡಿಸಿದವರು, ಅಡುಗೆ ಮಾಡಿದವರು, ತಂತಿ ಎಳೆದವರು, ಗುಮಾಸ್ತರಾಗಿದ್ದವರು, ಮಿಲಿಟರಿ ನರ್ಸಿಂಗ್ ಸರ್ವಿಸ್‌ನಲ್ಲಿ ಗಾಯಾಳುಗಳನ್ನು ನೋಡಿಕೊಂಡ ಹೆಣ್ಣುಮಕ್ಕಳು, ಇವರೆಲ್ಲರ ಸೇವೆಯೂ ಯುದ್ಧಸೇವೆಯೇ. 'ನಾನು ಅಲ್ಲಿ ಬರೀ ಡ್ರೈವರ್' ಎಂದು ಹಿರಿಯರೇ ಹೇಳಿದರೂ ಅವರ ಮಾತನ್ನು ಅಷ್ಟಕ್ಕೇ ಬಿಡಬೇಡಿ.

ಎರಡನೆಯ ಹೆಜ್ಜೆ: ಮನೆಯೊಳಗಿನ ದಾಖಲೆ

ಕಪ್ಪು ಟ್ರಂಕಿನ ಹೊರಮೈಯನ್ನೇ ಮೊದಲು ಓದಿ. ಅದರ ಮೇಲೆ ಬಿಳಿ ಬಣ್ಣದಲ್ಲಿ ಸೇವಾ ಸಂಖ್ಯೆ, ದರ್ಜೆ, ಹೆಸರು, ಕೆಲವೊಮ್ಮೆ ಘಟಕದ ಹೆಸರನ್ನೂ ಬರೆಸುವ ರೂಢಿಯಿತ್ತು. ಸೇವಾ ಸಂಖ್ಯೆ ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ, ಏಕೆಂದರೆ ಸೇನೆಯ ಕಡತದಲ್ಲಿ ಒಂದೇ ಹೆಸರಿನವರು ನೂರಾರು ಮಂದಿ ಇರಬಹುದು, ಸಂಖ್ಯೆ ಒಬ್ಬರದು ಮಾತ್ರ. ಸಂಖ್ಯೆಯ ಮುಂದೆ 'ಜೆಸಿ' ಎಂದಿದ್ದರೆ ಅವರು ಸುಬೇದಾರರಂಥ ಕಿರಿಯ ಕಮಿಷನ್ಡ್ ಅಧಿಕಾರಿಯಾಗಿದ್ದರು, 'ಐಸಿ' ಎಂದಿದ್ದರೆ ಅಧಿಕಾರಿಯಾಗಿದ್ದರು.

ಒಳಗೆ ಹುಡುಕಬೇಕಾದದ್ದರಲ್ಲಿ ಮುಖ್ಯವಾದದ್ದು ಡಿಸ್ಚಾರ್ಜ್ ಬುಕ್. ಸೇರಿದ ದಿನ, ಬಿಟ್ಟ ದಿನ, ವಿಭಾಗ, ದರ್ಜೆ, ಪದಕಗಳು, ಮನೆಯ ವಿಳಾಸ ಎಲ್ಲವೂ ಅದರಲ್ಲಿರುತ್ತವೆ. ಪಿಂಚಣಿ ಬರುತ್ತಿದ್ದರೆ ಪಿಪಿಒ, ಅಂದರೆ ಪಿಂಚಣಿ ಪಾವತಿ ಆದೇಶ, ಇರುತ್ತದೆ. ಗುಂಪುಚಿತ್ರಗಳಿದ್ದರೆ ಅವುಗಳ ಕೆಳಗಿನ ರಟ್ಟಿನಲ್ಲಿ ಘಟಕದ ಹೆಸರು, ವರ್ಷ, ಸಾಲುಸಾಲಾಗಿ ನಿಂತವರ ಹೆಸರುಗಳು ಮುದ್ರಿತವಾಗಿರುವುದುಂಟು. ಚಿತ್ರದಲ್ಲಿ ಟೋಪಿಯ ಬಿಲ್ಲೆ ಮತ್ತು ಎದೆಯ ರಿಬ್ಬನ್ನುಗಳು ಸ್ಪಷ್ಟವಾಗಿದ್ದರೆ ಅವುಗಳಿಂದಲೂ ವಿಭಾಗವನ್ನು ಗುರುತಿಸಬಹುದು. ಹಳೆಯ ಕಾಗದಗಳನ್ನು ಎಸೆಯಬೇಡಿ. ವಿಳಾಸದಲ್ಲಿ '99 ಎಪಿಒ' ಎಂದಿದ್ದರೆ ಅದು ಪೂರ್ವ ಭಾಗದ ಸೇನಾ ಅಂಚೆ, '56 ಎಪಿಒ' ಎಂದಿದ್ದರೆ ಉಳಿದ ಕಡೆಗಳದು. ಯಾವ ತಿಂಗಳು ಎತ್ತ ಕಡೆಗಿದ್ದರು ಎಂಬುದಕ್ಕೆ ಇಷ್ಟು ಸುಳಿವಾದರೂ ಸಿಗುತ್ತದೆ.

ಪದಕಗಳನ್ನು ಬೆಳಕಿಗೆ ಹಿಡಿದು ಅಂಚನ್ನು ನೋಡಿ. ಭಾರತದ ಸೇವಾ ಪದಕಗಳ ಅಂಚಿನಲ್ಲಿ ಸಾಮಾನ್ಯವಾಗಿ ಸಂಖ್ಯೆ, ದರ್ಜೆ, ಹೆಸರು ಮತ್ತು ಘಟಕವನ್ನು ಒತ್ತಿರುತ್ತಾರೆ, ನಕ್ಷತ್ರದಾಕಾರದ ಪದಕವಾದರೆ ಹಿಂಬದಿಯನ್ನೂ ನೋಡಬೇಕು. ಪದಕದ ಹೆಸರೇ ಕಥೆ ಹೇಳುತ್ತದೆ. 'ಸಮರ ಸೇವಾ ಸ್ಟಾರ್' ಮತ್ತು 'ರಕ್ಷಾ ಪದಕ' 1965ರ ಯುದ್ಧಕ್ಕೆ ಸೇರಿದವು. ಮೊದಲನೆಯದು ಕದನದ ಪ್ರದೇಶದಲ್ಲಿದ್ದವರಿಗೆ, ಎರಡನೆಯದು ಆ ಕಾಲದಲ್ಲಿ ಸೇವೆಯಲ್ಲಿದ್ದ ಹೆಚ್ಚು ವ್ಯಾಪಕ ಬಳಗಕ್ಕೆ. 'ಪೂರ್ವಿ ಸ್ಟಾರ್', 'ಪಶ್ಚಿಮಿ ಸ್ಟಾರ್', 'ಸಂಗ್ರಾಮ ಪದಕ' 1971ಕ್ಕೆ ಸೇರಿದವು. ಕಾರ್ಗಿಲ್ ಯುದ್ಧಕ್ಕೆ 'ಆಪರೇಷನ್ ವಿಜಯ್ ಸ್ಟಾರ್' ಮತ್ತು 'ಆಪರೇಷನ್ ವಿಜಯ್ ಪದಕ' ಇವೆ. ಎರಡನೆಯ ಮಹಾಯುದ್ಧದವರಾದರೆ 'ಬರ್ಮಾ ಸ್ಟಾರ್', 'ಆಫ್ರಿಕಾ ಸ್ಟಾರ್', 'ಇಟಲಿ ಸ್ಟಾರ್' ಎಂಬ ಹೆಸರುಗಳೇ ಅವರು ಹೋದ ನಾಡನ್ನು ತಿಳಿಸುತ್ತವೆ. 1972ರ 'ಸ್ವಾತಂತ್ರ್ಯದ 25ನೆಯ ವರ್ಷದ ಪದಕ'ದಂಥವು ಶೌರ್ಯ ಪದಕಗಳಲ್ಲ. ಅವನ್ನು ಶೌರ್ಯಕ್ಕೆ ಸಿಕ್ಕವೆಂದು ಬರೆಯುವುದು ಪದಕ ಪಡೆದವರಿಗೂ ಮುಜುಗರದ ವಿಷಯ.

ಮೂರನೆಯ ಹೆಜ್ಜೆ: ನಮ್ಮ ಊರು ಯಾವ ಜಿಲ್ಲೆಯಲ್ಲಿತ್ತು?

ಇದು ಗಡಿನಾಡಿನವರಿಗೆ ಮಾತ್ರ ಎದುರಾಗುವ ತೊಡಕು, ಹುಡುಕಾಟದಲ್ಲಿ ಹೆಚ್ಚು ಮಂದಿ ಸೋಲುವುದೂ ಇಲ್ಲೇ. 1956ರ ನವೆಂಬರ್ 1ರ ತನಕ ಕಾಸರಗೋಡು ತಾಲೂಕು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಅಂದು ಕೇರಳಕ್ಕೆ ಸೇರಿ, 1957ರಿಂದ ಕಣ್ಣೂರು ಜಿಲ್ಲೆಯ ಭಾಗವಾಯಿತು. ಕಾಸರಗೋಡು ಜಿಲ್ಲೆ ಹುಟ್ಟಿದ್ದು 1984ರ ಮೇ 24ರಂದು. ಆದ್ದರಿಂದ ಕುಂಬಳೆಯ ಒಂದೇ ಮನೆಯಿಂದ 1942ರಲ್ಲಿ ಅಜ್ಜ, 1963ರಲ್ಲಿ ಮಗ, 1990ರಲ್ಲಿ ಮೊಮ್ಮಗ ಸೇನೆಗೆ ಸೇರಿದ್ದರೆ ಅಜ್ಜನ ವಿಳಾಸ 'ಸೌತ್ ಕೆನರಾ, ಮದ್ರಾಸ್' ಎಂದೂ ಮಗನದು 'ಕ್ಯಾನನೋರ್, ಕೇರಳ' ಎಂದೂ ಮೊಮ್ಮಗನದು 'ಕಾಸರಗೋಡು' ಎಂದೂ ಇರುತ್ತದೆ. ದಾಖಲೆ ಕೇಳುವಾಗ ಇಂದಿನ ಜಿಲ್ಲೆಯ ಹೆಸರನ್ನಷ್ಟೇ ಬರೆದರೆ ವಿಳಾಸ ಹೊಂದುವುದಿಲ್ಲ. ಸೇರಿದ ವರ್ಷದಲ್ಲಿ ಯಾವ ಜಿಲ್ಲೆಯಿತ್ತೋ ಅದನ್ನೂ ಬರೆಯಬೇಕು.

ಸೇನಾ ದಾಖಲೆಯ ವಿಳಾಸದಲ್ಲಿ ಗ್ರಾಮದ ಜೊತೆಗೆ 'ಪಿ.ಒ.' ಎಂದರೆ ಅಂಚೆ ಕಚೇರಿ, 'ಟಿ.ಒ.' ಎಂದರೆ ತಂತಿ ಕಚೇರಿ, 'ಎನ್.ಆರ್.ಎಸ್.' ಎಂದರೆ ಹತ್ತಿರದ ರೈಲು ನಿಲ್ದಾಣ. ಊರಿನ ಹೆಸರು ಗುರುತು ಸಿಗದಷ್ಟು ಕೆಟ್ಟಿದ್ದರೂ ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಎಂಬ ನಿಲ್ದಾಣದ ಹೆಸರು ಸರಿಯಾಗಿದ್ದು ದಾರಿ ತೋರಿಸುತ್ತದೆ.

ಇನ್ನು ವ್ಯಕ್ತಿಯ ಹೆಸರು. ಭರ್ತಿಯ ದಿನ ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡ ಹೆಸರೇ ಸೇನೆಯಲ್ಲಿ ಕೊನೆಯವರೆಗೆ ಉಳಿಯಿತು. ರೈ, ಆಳ್ವ, ಶೆಟ್ಟಿ, ಮಣಿಯಾಣಿ ಎಂಬ ಕುಲನಾಮ ಕೆಲವರ ಹೆಸರಿನಲ್ಲಿ ಸೇರಿದೆ, ಕೆಲವರದರಲ್ಲಿ ಬಿಟ್ಟುಹೋಗಿದೆ. ಮನೆತನದ ಹೆಸರು ಇನಿಷಿಯಲ್ ಆಗಿ ಮುಂದೆ ಬಂದದ್ದೂ ಇದೆ. ಹೀಗೆ ಬರಬಹುದಾದ ಎಲ್ಲ ರೂಪಗಳ ಪಟ್ಟಿಯೊಂದನ್ನು ಮೊದಲೇ ಮಾಡಿಟ್ಟುಕೊಳ್ಳಿ. ಮುಂದಿನ ಪ್ರತಿಯೊಂದು ಹಂತಕ್ಕೂ ಅದು ಬೇಕಾಗುತ್ತದೆ.

ನಾಲ್ಕನೆಯ ಹೆಜ್ಜೆ: ದಾಖಲೆ ಕಚೇರಿಗೆ ಪತ್ರ

ಭೂಸೇನೆಯ ಸಿಪಾಯಿಯಿಂದ ಸುಬೇದಾರ್ ಮೇಜರ್‌ವರೆಗಿನವರ ದಾಖಲೆಗಳು ದೆಹಲಿಯಲ್ಲಿ ಒಂದೆಡೆ ಇರುವುದಿಲ್ಲ. ಆಯಾ ವಿಭಾಗದ ದಾಖಲೆ ಕಚೇರಿಯಲ್ಲಿರುತ್ತವೆ. ಮದ್ರಾಸ್ ಸ್ಯಾಪರ್ಸ್ ಎಂದು ಕರೆಯುವ ಮದ್ರಾಸ್ ಎಂಜಿನಿಯರ್ ಗ್ರೂಪಿನದು ಬೆಂಗಳೂರಿನಲ್ಲಿ, ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ, ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ನದು ಜಬಲ್ಪುರದಲ್ಲಿ, ತೋಪುದಳದ್ದು ನಾಸಿಕ್ ರೋಡಿನಲ್ಲಿ, ವಾಹನ ಮತ್ತು ಯಂತ್ರಗಳನ್ನು ದುರಸ್ತಿ ಮಾಡುವ ಇಎಂಇಯದು ಸಿಕಂದರಾಬಾದಿನಲ್ಲಿ, ಸೇನಾ ವೈದ್ಯಕೀಯ ದಳದ್ದು ಲಕ್ನೋದಲ್ಲಿ, ಡಿಫೆನ್ಸ್ ಸೆಕ್ಯೂರಿಟಿ ಕೋರ್‌ನದು ನಮ್ಮ ಪಕ್ಕದ ಕಣ್ಣೂರಿನಲ್ಲಿ ಇದೆ. ನೌಕಾಪಡೆಯ ನಾವಿಕರದು ಮುಂಬಯಿಯಲ್ಲಿ, ವಾಯುಪಡೆಯ ಸೈನಿಕರದು ದೆಹಲಿಯ ಸುಬ್ರತೊ ಪಾರ್ಕಿನಲ್ಲಿ ಸಿಗುತ್ತದೆ.

ಪತ್ರವನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬರೆದು, ಸೇವಾ ಸಂಖ್ಯೆ, ದರ್ಜೆ, ದಾಖಲೆಯಲ್ಲಿರುವ ಹೆಸರು, ತಂದೆಯ ಹೆಸರು, ಸೇರಿದ ಮತ್ತು ಬಿಟ್ಟ ಅಂದಾಜು ವರ್ಷ, ಅಂದಿನ ಮತ್ತು ಇಂದಿನ ವಿಳಾಸ ಎರಡನ್ನೂ ಕೊಟ್ಟು, ಅವರೊಂದಿಗಿನ ನಿಮ್ಮ ಸಂಬಂಧವನ್ನು ತೋರಿಸುವ ದಾಖಲೆಯ ಪ್ರತಿಯನ್ನೂ ಅವರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರದ ಪ್ರತಿಯನ್ನೂ ಲಗತ್ತಿಸಿ, ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ. ಸಾಧ್ಯವಾದರೆ ಪತ್ನಿಯ ಅಥವಾ ಮಕ್ಕಳ ಸಹಿಯಿರಲಿ, ದೂರದ ನೆಂಟರಿಗೆ ಮಾಹಿತಿ ಕೊಡಲು ಕಚೇರಿ ಹಿಂಜರಿಯುತ್ತದೆ. ಏನು ಬೇಕೆಂದು ಖಚಿತವಾಗಿ ಕೇಳಿ: ಸೇವೆ ಸಲ್ಲಿಸಿದ ಘಟಕಗಳು ಮತ್ತು ದಿನಾಂಕಗಳು, ಭಾಗವಹಿಸಿದ ಕಾರ್ಯಾಚರಣೆಗಳು, ಅರ್ಹವಾದ ಪದಕಗಳು, ಅವುಗಳಲ್ಲಿ ವಿತರಣೆಯಾಗದೆ ಉಳಿದವು. ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಪದಕ ಸಿದ್ಧವಾಗುವಷ್ಟರಲ್ಲಿ ನಿವೃತ್ತಿಯಾಗಿ ಊರಿಗೆ ಬಂದವರು ಹಲವರಿದ್ದಾರೆ. ಉತ್ತರ ಬಾರದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯ ದಾರಿಯೂ ಇದೆ.

ಒಂದು ವಿಷಯಕ್ಕೆ ಮನಸ್ಸನ್ನು ಸಿದ್ಧಪಡಿಸಿಕೊಂಡಿರಬೇಕು. ಪಿಂಚಣಿಯಿಲ್ಲದೆ ಸೇವೆ ಬಿಟ್ಟವರ ಕಡತಗಳನ್ನು 25 ವರ್ಷಗಳ ಬಳಿಕ ನಾಶಪಡಿಸುವುದು ನಿಯಮ. ಒಬ್ಬೊಬ್ಬರಿಗೆ ಒಂದು ಸಾಲಿನಂತೆ ಬರೆದ 'ಲಾಂಗ್ ರೋಲ್' ಎಂಬ ದಾಖಲಾತಿ ಪುಸ್ತಕ ಮಾತ್ರ ಉಳಿದಿರುತ್ತದೆ. ಮಹಾಯುದ್ಧ ಮುಗಿದೊಡನೆ ಮನೆಗೆ ಕಳುಹಿಸಲ್ಪಟ್ಟ ಸಾವಿರಾರು ಜನರ ಬಗ್ಗೆ ಆ ಒಂದು ಸಾಲಿಗಿಂತ ಹೆಚ್ಚು ಸಿಗಲಾರದು. ಆ ಒಂದು ಸಾಲೂ ಬೆಲೆಯುಳ್ಳದ್ದು, ಅದಕ್ಕಾಗಿ ಬರೆಯಿರಿ.

ಪತ್ರ ಬರೆಯಲು ತಿಳಿಯದಿದ್ದರೆ ಜಿಲ್ಲಾ ಸೈನಿಕ ಕ್ಷೇಮ ಕಚೇರಿಗೆ ಹೋಗಿ. ನಿವೃತ್ತ ಸೈನಿಕರ ಸಂಘದ ಹಿರಿಯರೂ ನೆರವಾಗುತ್ತಾರೆ. ನಮಗೆ ಹೆಚ್ಚಿನದು ತಿಳಿದದ್ದು ಇಂಥ ಒಬ್ಬರಿಂದಲೇ. ದೊಡ್ಡಪ್ಪನ ಗುಂಪುಚಿತ್ರದಲ್ಲಿ ಅವರ ಪಕ್ಕದಲ್ಲಿ ನಿಂತಿದ್ದವರು ಕೊಡಗಿನಲ್ಲಿ ಬದುಕಿದ್ದರು. ಪಶ್ಚಿಮ ರಣರಂಗದ ಶಕರ್‌ಗಢದ ಕಡೆ, ನೆಲಬಾಂಬುಗಳನ್ನು ಹೂತಿದ್ದ ಬಯಲಿನಲ್ಲಿ ಟ್ಯಾಂಕುಗಳಿಗೆ ರಾತ್ರಿಯಿಡೀ ದಾರಿ ಬಿಡಿಸಿಕೊಟ್ಟ ಸ್ಯಾಪರುಗಳಲ್ಲಿ ತಾವಿಬ್ಬರೂ ಇದ್ದೆವೆಂದೂ, ಬೆಳಗಾದ ಮೇಲೆ ದೊಡ್ಡಪ್ಪನ ಕೈಬೆರಳು ಮಡಚಲು ಬಾರದಷ್ಟು ಮರಗಟ್ಟಿದ್ದವೆಂದೂ ಅವರು ಹೇಳಿದರು. ಢಾಕಾದ ಕಥೆಗಿಂತ ಇದು ನಮಗೆ ಎಷ್ಟೋ ಹತ್ತಿರದ್ದೆನಿಸಿತು.

ಮರಳಿ ಬಾರದವರನ್ನು ಹುಡುಕುವುದು

ಯುದ್ಧದಲ್ಲಿ ಮಡಿದವರ ವಿಷಯದಲ್ಲಿ ದಾರಿ ಸ್ವಲ್ಪ ಸುಲಭ. ಎರಡು ಮಹಾಯುದ್ಧಗಳಲ್ಲಿ ತೀರಿಕೊಂಡ ಭಾರತೀಯ ಸೈನಿಕರ ಹೆಸರುಗಳನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ಜಾಲತಾಣದಲ್ಲಿ ಉಚಿತವಾಗಿ ಹುಡುಕಬಹುದು. ಎರಡನೆಯ ಮಹಾಯುದ್ಧಕ್ಕೆ ಅದು ಪರಿಗಣಿಸುವ ಅವಧಿ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ. ದಹನವಾದ ಅಥವಾ ದೇಹ ಸಿಗದ ಸೈನಿಕರಿಗೆ ಸಮಾಧಿಯಿರುವುದಿಲ್ಲ, ಸ್ಮಾರಕದ ಕಲ್ಲಿನಲ್ಲಿ ಹೆಸರಿರುತ್ತದೆ. ಬರ್ಮಾದಲ್ಲಿ ಮಡಿದ ಸುಮಾರು 27,000 ಮಂದಿಯ ಹೆಸರುಗಳು ಯಾಂಗೂನ್ ಬಳಿಯ ತೌಕ್ಯಾನ್‌ನ ರಂಗೂನ್ ಸ್ಮಾರಕದಲ್ಲಿವೆ. ಸಿಂಗಾಪುರದ ಕ್ರಾಂಜಿಯಲ್ಲೂ ಇಂಥದೇ ಸ್ಮಾರಕವಿದೆ. ತಂದೆಯ ಹೆಸರು ಮತ್ತು ಊರು ಕೆಲವು ನಮೂದುಗಳಲ್ಲಿ ಇರುವುದರಿಂದ 'ಸೌತ್ ಕೆನರಾ' ಎಂದು ಹುಡುಕಿಯೂ ನೋಡಿ.

ಸ್ವಾತಂತ್ರ್ಯಾನಂತರ ಹುತಾತ್ಮರಾದವರ ಹೆಸರುಗಳು ದೆಹಲಿಯಲ್ಲಿ 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದ ತ್ಯಾಗ ಚಕ್ರದಲ್ಲಿ ಕೆತ್ತಲ್ಪಟ್ಟಿವೆ. ಅಲ್ಲಿ ಹುತಾತ್ಮರ ಮನೆಯವರೇ ಪುಷ್ಪಚಕ್ರ ಅರ್ಪಿಸುವ ಕಾರ್ಯಕ್ರಮ ನಿತ್ಯ ನಡೆಯುತ್ತದೆ. ಹೋಗುವ ಮನಸ್ಸಿದ್ದರೆ ಮುಂಚಿತವಾಗಿ ಬರೆದು ವಿಚಾರಿಸಿ.

ಐದನೆಯ ಹೆಜ್ಜೆ: ಮಳೆಗಾಲದಿಂದ ಕಾಪಾಡುವುದು

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಕಾಗದಕ್ಕೆ ಬೂಷ್ಟು, ಗೆದ್ದಲು, ಬೆಳ್ಳಿಮೀನು ಹುಳು ಇವು ಮೂರೂ ಶತ್ರುಗಳು. ಡಿಸ್ಚಾರ್ಜ್ ಬುಕ್ಕನ್ನಾಗಲಿ ಪತ್ರಗಳನ್ನಾಗಲಿ ಲ್ಯಾಮಿನೇಷನ್ ಮಾಡಿಸಬೇಡಿ. ನಾವು ಒಂದು ಫೋಟೋಕ್ಕೆ ಮಾಡಿಸಿದೆವು, ಎರಡು ಮಳೆಗಾಲದಲ್ಲಿ ಒಳಗೇ ತೇವ ಕೂತು ದೊಡ್ಡಪ್ಪನ ಮುಖವೇ ಕಲೆಯಾಯಿತು, ಬಿಡಿಸಲು ಈಗ ದಾರಿಯಿಲ್ಲ. ಹರಿದ ಕಡೆ ಸೆಲೋಟೇಪ್ ಅಂಟಿಸಬಾರದು. ಪತ್ರಗಳನ್ನು ಬಿಡಿಸಿ, ಆಮ್ಲರಹಿತ ಕಾಗದದ ನಡುವೆ ಚಪ್ಪಟೆಯಾಗಿಟ್ಟು, ಗಾಳಿ ಆಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ. ಮಳೆ ಬಿಟ್ಟ ಮೇಲೆ ಪೊಟ್ಟಣ ಬದಲಾಯಿಸಿ. ಫೋಟೋಗಳ ಹಿಂದೆ ಹೆಸರು ಬರೆಯುವುದಾದರೆ ಮೆದು ಪೆನ್ಸಿಲಿನಲ್ಲಿ ಬರೆಯಿರಿ. ಪದಕಗಳನ್ನು ಹಿತ್ತಾಳೆ ಪಾಲಿಶಿನಿಂದ ಉಜ್ಜಬೇಡಿ, ಅಂಚಿನ ಅಕ್ಷರ ಸವೆಯುತ್ತದೆ. ರಿಬ್ಬನ್ನನ್ನು ತೊಳೆಯಬೇಡಿ.

ಕಾಗದಗಳನ್ನು 300 ಡಿಪಿಐ, ಫೋಟೋಗಳನ್ನು 600 ಡಿಪಿಐನಲ್ಲಿ ಎರಡೂ ಬದಿ ಸ್ಕ್ಯಾನ್ ಮಾಡಿಸಿ, ಬೇರೆ ಬೇರೆ ಮನೆಗಳಲ್ಲಿ ಮೂರು ಪ್ರತಿ ಇಡಿ. ಪಿಪಿಒ, ಸೇವಾ ಸಂಖ್ಯೆ, ಬ್ಯಾಂಕ್ ವಿವರಗಳಿರುವ ಪುಟಗಳನ್ನು ಮಾತ್ರ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೂ ಹಾಕಬೇಡಿ. ವೃದ್ಧ ಪಿಂಚಣಿದಾರರನ್ನು ಫೋನಿನಲ್ಲಿ ವಂಚಿಸುವವರಿಗೆ ಅಷ್ಟೇ ಸಾಕು.

ಆರನೆಯ ಹೆಜ್ಜೆ: ಬರೆಯುವುದು, ಊರಿನಲ್ಲಿ ಗುರುತು ಉಳಿಸುವುದು

ಸಂಗ್ರಹಿಸಿದ್ದನ್ನು ಎರಡು ಪುಟದ ಸೇವಾ ವೃತ್ತಾಂತವಾಗಿ ಬರೆಯಿರಿ. ದಾಖಲೆಯಿಂದ ತಿಳಿದದ್ದನ್ನು ಹಾಗೆಂದೂ, ಅವರೇ ಹೇಳಿದ್ದನ್ನು ಹಾಗೆಂದೂ, ಮನೆಯಲ್ಲಿ ಕೇಳಿಬಂದದ್ದನ್ನು ಹಾಗೆಂದೂ ಬೇರ್ಪಡಿಸಿ ಬರೆಯಬೇಕು. ಆಯಾ ಯುದ್ಧದ ಹಿನ್ನೆಲೆಗೆ ರಕ್ಷಣಾ ಸಚಿವಾಲಯದ ಇತಿಹಾಸ ವಿಭಾಗ ಸಿದ್ಧಪಡಿಸಿದ ಅಧಿಕೃತ ಇತಿಹಾಸಗಳನ್ನು ನೋಡಬಹುದು. ಹೆಂಡತಿಯ ಬಗ್ಗೆ ಒಂದು ಪುಟ ಇರಲೇಬೇಕು. ವರ್ಷಕ್ಕೆರಡು ತಿಂಗಳ ರಜೆಯಲ್ಲಿ ಬಂದುಹೋಗುವ ಗಂಡನನ್ನು ಕಾಯುತ್ತ ಗದ್ದೆ, ಹಟ್ಟಿ, ಅತ್ತೆಮಾವ, ಮಕ್ಕಳನ್ನು ಒಬ್ಬಳೇ ನೋಡಿಕೊಂಡವಳ ಸೇವೆಗೆ ಯಾವ ದಾಖಲೆ ಕಚೇರಿಯಲ್ಲೂ ಸಾಲಿಲ್ಲ.

ಊರಿನಲ್ಲಿ ರಸ್ತೆಗೆ ಹೆಸರಿಡಬೇಕೆಂದರೆ ಗ್ರಾಮಸಭೆಯಲ್ಲಿ ವಿಷಯ ಮಂಡಿಸಿ ಪಂಚಾಯತಿಗೆ ಅರ್ಜಿ ಕೊಡಿ. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರ್ಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಮತ್ತು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕನ್ನಡಿಗರಿಗೆ ಕೊಟ್ಟಿದೆ. ನಮ್ಮ ಕಡೆ ಬಸ್ ತಂಗುದಾಣವನ್ನು ಸ್ಮಾರಕವಾಗಿ ಕಟ್ಟಿಸುವ ರೂಢಿಯೂ ಇದೆ, ಮಳೆಗೆ ನಿಲ್ಲಲು ನೆರಳಾಗುವ ಈ ಸ್ಮಾರಕ ನನಗೆ ಪ್ರತಿಮೆಗಿಂತ ಇಷ್ಟ. ಫಲಕ ಕನ್ನಡ ಮತ್ತು ಮಲಯಾಳ ಎರಡರಲ್ಲೂ ಇರಲಿ. ಕೆತ್ತುವ ಮೊದಲು ಎರಡು ಲಿಪಿಯ ಕಾಗುಣಿತವನ್ನೂ ಆಯಾ ಭಾಷೆ ಬಲ್ಲವರಿಂದ ಓದಿಸಿ, ದರ್ಜೆಯನ್ನು ಡಿಸ್ಚಾರ್ಜ್ ಬುಕ್ಕಿನೊಂದಿಗೆ ಹೋಲಿಸಿ. ಹವಾಲ್ದಾರರನ್ನು ಕ್ಯಾಪ್ಟನ್ ಮಾಡಬೇಡಿ. ಓದಿದ ಶಾಲೆಯಲ್ಲಿ ಸಣ್ಣ ದತ್ತಿನಿಧಿ ಇಡುವುದೂ ಒಳ್ಳೆಯ ದಾರಿ.

ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ, ಡಿಸೆಂಬರ್ 16 ವಿಜಯ ದಿವಸ, ಜನವರಿ 14 ನಿವೃತ್ತ ಯೋಧರ ದಿನ, ಜುಲೈ 26 ಕಾರ್ಗಿಲ್ ವಿಜಯ ದಿವಸ. ಶ್ರದ್ಧಾಂಜಲಿ ಸಭೆಗಳಲ್ಲಿ ಹುತಾತ್ಮರ ಪದಕಗಳನ್ನು ಮನೆಯವರು ಧರಿಸುವುದಾದರೆ ಬಲ ಎದೆಯ ಮೇಲೆ ಧರಿಸಬೇಕು, ಎಡಭಾಗ ಪಡೆದವರಿಗೇ ಮೀಸಲು. ಸಮವಸ್ತ್ರವನ್ನು ಮಾತ್ರ ಬೇರೆಯವರು ತೊಡಬಾರದು.

ಮನೆಯೊಳಗಿನ ದಿನ ಬೇರೆಯೇ ಇದೆ. ಆಟಿ ಅಮಾವಾಸ್ಯೆಗೆ ತೃಕ್ಕನ್ನಾಡಿನ ಕಡಲತಡಿಯಲ್ಲಿ ಪಿತೃಗಳಿಗೆ ಬಲಿ ಹಾಕುವವರು, ಮನೆಯಲ್ಲಿ ಕುಲೆಗಳಿಗೆ, ಅಂದರೆ ಅಗಲಿದವರ ಆತ್ಮಗಳಿಗೆ, ಎಲೆಯಿಟ್ಟು ಬಡಿಸುವವರು ಆ ದಿನ ಸೇವಾ ವೃತ್ತಾಂತವನ್ನು ಚಾವಡಿಯಲ್ಲಿ ಒಮ್ಮೆ ಗಟ್ಟಿಯಾಗಿ ಓದಬಹುದು. ನಮ್ಮಲ್ಲಿ ಮೂರು ವರ್ಷಗಳಿಂದ ಓದುತ್ತಿದ್ದೇವೆ. ಮೊದಲ ವರ್ಷ ಓದಿ ಮುಗಿಸಿದಾಗ ದೊಡ್ಡಮ್ಮ, ಅವರು ಯಾಕೆ ಕೊನೆಯವರೆಗೂ ಹೊಲದ ಬದುವಿನಲ್ಲಿ ಒಂದೊಂದೇ ಹೆಜ್ಜೆ ನೋಡಿ ಇಡುತ್ತಿದ್ದರೆಂದು ಈಗ ತಿಳಿಯಿತು ಎಂದರು. ಆ ಮಾತನ್ನೂ ಅದೇ ಸಂಜೆ ವೃತ್ತಾಂತದ ಎರಡನೆಯ ಪುಟಕ್ಕೆ ಸೇರಿಸಿದೆವು.